ಒತ್ತಿದಷ್ಟೂ ಗಟ್ಟಿಯಾಗುವ ಎಣ್ಣೆ

ರೈಲುಗಾಡಿಯ ಗಾಲಿಯ ಅಚ್ಚು ಬೇರಿಂಗಿನಲ್ಲಿ ತಿರುಗುವಾಗ ಎಷ್ಟು ಘರ್ಷಣೆಯಾಗುತ್ತದೆ ಎಂದು ಅಳೆಯುವ ಕೆಲಸವನ್ನು ಬ್ರಿಟನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಬೀಚಮ್ ಟವರ್ ಎಂಬ ಎಂಜಿನಿಯರನಿಗೆ ಒಪ್ಪಿಸಿತ್ತು. ಎಣ್ಣೆ ಬಿಡಲೆಂದು ಟವರ್ ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ಯಂತ್ರ ತಿರುಗಿದಾಗ ಎಣ್ಣೆ ಒಳಕ್ಕೆ ಇಳಿಯುವ ಬದಲು ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿ ಮುಚ್ಚಿದರೆ ಬಿರಡೆ ಹೊರಬಂತು. ಮರದ ಗೂಟ ಬಡಿದರೆ ಅದೂ ನಿಲ್ಲಲಿಲ್ಲ. ಕೊನೆಗೆ ಆ ತೂತಿಗೆ ಒತ್ತಡಮಾಪಕ ಜೋಡಿಸಿದಾಗ ಮುಳ್ಳು ಚದರ ಇಂಚಿಗೆ 200 ಪೌಂಡಿನ ಗೆರೆಯನ್ನೂ ದಾಟಿತು. ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಭಾರ ಅದರ ಅರ್ಧದಷ್ಟು ಮಾತ್ರ. 1883ರಲ್ಲಿ ಪ್ರಕಟವಾದ ಟವರನ ವರದಿಯಿಂದ ಒಂದು ಸಂಗತಿ ಖಚಿತವಾಯಿತು. ಅಚ್ಚು ಲೋಹದ ಮೇಲೆ ಕೂತಿಲ್ಲ, ತಾನೇ ಎಳೆದುಕೊಂಡ ಎಣ್ಣೆಯ ಪದರದ ಮೇಲೆ ತೇಲುತ್ತಿದೆ.

ಮೂರೇ ವರ್ಷದಲ್ಲಿ, 1886ರಲ್ಲಿ, ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದರು. ತಿರುಗುವ ಅಚ್ಚು ಕಿರಿದಾಗುತ್ತ ಹೋಗುವ ಸಂದಿಗೆ ಎಣ್ಣೆಯನ್ನು ಎಳೆದು ತುರುಕುತ್ತದೆ. ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ಪ್ರತಿರೋಧ, ಅದನ್ನು ಸುಲಭವಾಗಿ ಹೊರಬಿಡುವುದಿಲ್ಲ. ಹಾಗಾಗಿ ಒಳಗೆ ಒತ್ತಡ ಏರಿ ಭಾರವನ್ನು ಎತ್ತಿ ಹಿಡಿಯುತ್ತದೆ. ಕೀಲೆಣ್ಣೆಯ ಶಾಸ್ತ್ರವೆಲ್ಲ ಇಂದಿಗೂ ಈ ಸಮೀಕರಣದ ಮೇಲೆಯೇ ನಿಂತಿದೆ. ಒತ್ತಡ ಏರಿದಂತೆ ಎಣ್ಣೆಯ ಸ್ನಿಗ್ಧತೆಯೂ ಬದಲಾಗಬಹುದು ಎಂಬ ಅಂಶ ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ. ರೈಲಿನ ಬೇರಿಂಗಿಗೆ ಅದರ ಅಗತ್ಯವೂ ಬೀಳಲಿಲ್ಲ. ಅಲ್ಲಿನ ಒತ್ತಡ ಕೆಲವು ಹತ್ತು ಅಟ್ಮಾಸ್ಫಿಯರ್, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ಕೆಲವು ಹತ್ತು ಪಟ್ಟು, ಮಾತ್ರ.

ತೊಡಕು ಹುಟ್ಟಿದ್ದು ಗೇರಿನ ಹಲ್ಲುಗಳಲ್ಲಿ. ಉಬ್ಬಿದ ಎರಡು ಹಲ್ಲುಗಳು ಒಂದನ್ನೊಂದು ಮುಟ್ಟುವ ಜಾಗ ಗೆರೆಯಷ್ಟು ಕಿರಿದು, ಆದರೆ ಹೊರುವ ಭಾರವೆಲ್ಲ ಅಲ್ಲಿಯೇ. 1916ರಲ್ಲಿ ಎಚ್. ಎಂ. ಮಾರ್ಟಿನ್ ಲಂಡನ್ನಿನ ‘ಎಂಜಿನಿಯರಿಂಗ್’ ಪತ್ರಿಕೆಯಲ್ಲಿ ರೆನಾಲ್ಡ್ಸ್ ಸಮೀಕರಣವನ್ನು ಗೇರಿನ ಹಲ್ಲಿಗೆ ಅನ್ವಯಿಸಿ ತೋರಿಸಿದರು. ಹಲ್ಲುಗಳನ್ನು ಬಾಗದ ಉರುಳೆಗಳೆಂದೂ ಎಣ್ಣೆಯ ಸ್ನಿಗ್ಧತೆಯನ್ನು ಸ್ಥಿರವೆಂದೂ ಇಟ್ಟುಕೊಂಡದ್ದರಿಂದ ಬಂದ ಉತ್ತರ ನಿರಾಶೆಯದಾಗಿತ್ತು. ಹಲ್ಲಿನ ಮೇಲ್ಮೈಯ ಉಬ್ಬುತಗ್ಗುಗಳಿಗಿಂತ ಎಣ್ಣೆಯ ಪದರವೇ ಎಷ್ಟೋ ತೆಳು. ಈ ಲೆಕ್ಕ ನಿಜವಾಗಿದ್ದರೆ ಲೋಹ ಲೋಹವನ್ನು ಉಜ್ಜಿ ಪ್ರಪಂಚದ ಗೇರುಗಳೆಲ್ಲ ಬೇಗನೆ ಸವೆದುಹೋಗಬೇಕಿತ್ತು. ಕಾರ್ಖಾನೆಗಳಲ್ಲಿ ಮಾತ್ರ ವರ್ಷಗಟ್ಟಲೆ ದುಡಿದ ಗೇರುಗಳ ಹಲ್ಲಿನ ಮೇಲೆ, ಅವನ್ನು ಕಡೆದಾಗ ಉಳಿದ ಉಳಿಯ ಗುರುತುಗಳು ಹಾಗೆಯೇ ಇದ್ದವು.

ಈ ಒಗಟು ಎರಡು ದಶಕಕ್ಕೂ ಹೆಚ್ಚು ಕಾಲ ಬಿಡಿಸದೇ ಉಳಿಯಿತು. ಬಿಡಿಸಲು ಬೇಕಾದ ಅಳತೆ ಮಾತ್ರ, ಮಾರ್ಟಿನ್ ಲೇಖನಿ ಹಿಡಿಯುವುದಕ್ಕೂ ಇಪ್ಪತ್ತಮೂರು ವರ್ಷ ಮೊದಲೇ ಅಮೆರಿಕದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಭೂಗರ್ಭದ ಚಿಂತೆ, ಹಡಗಿನ ಅಂಟು

ಒತ್ತಡಕ್ಕೂ ಸ್ನಿಗ್ಧತೆಗೂ ಇರುವ ನಂಟನ್ನು ಮೊದಲು ಹುಡುಕಿದವರು ಯಂತ್ರಗಳ ಜನರಲ್ಲ. ಕ್ಷಕಿರಣದಿಂದ ಹೆಸರಾಗುವುದಕ್ಕೆ ಹನ್ನೊಂದು ವರ್ಷ ಮೊದಲು, 1884ರಲ್ಲಿ, ವಿಲ್ಹೆಲ್ಮ್ ರಾಂಟ್ಗನ್ ನೀರಿನ ಮೇಲೆ ಇಂಥ ಪ್ರಯೋಗ ನಡೆಸಿದ್ದರು. ಅದೇ ವರ್ಷ ವಾರ್ಬುರ್ಗ್ ಮತ್ತು ಸಾಕ್ಸ್ ಎಂಬ ಭೌತವಿಜ್ಞಾನಿಗಳು ಕೂಡ ಅದೇ ಕೆಲಸದಲ್ಲಿ ತೊಡಗಿದ್ದರು. ಅವರಿಗೆ ಕಂಡದ್ದು ನಿರೀಕ್ಷೆಗೆ ಎದುರಾದ ಸಂಗತಿ. ತಣ್ಣನೆಯ ನೀರನ್ನು ಒತ್ತಿದರೆ ಅದು ಇನ್ನಷ್ಟು ಸಲೀಸಾಗಿ ಹರಿಯುತ್ತದೆ. ನೀರಿನ ಅಣುಗಳು ಒಂದನ್ನೊಂದು ಹಿಡಿದು ಕಟ್ಟಿಕೊಂಡ ಸಡಿಲ ಚೌಕಟ್ಟನ್ನು ಒತ್ತಡ ಮುರಿಯುತ್ತದೆ ಎಂಬುದು ಇಂದಿನ ವಿವರಣೆ. ಆದರೆ ನೀರು ಇಲ್ಲಿ ಅಪವಾದ. ಉಳಿದ ಬಹುಪಾಲು ದ್ರವಗಳು ಇದಕ್ಕೆ ಉಲ್ಟಾ.

ಕಾರ್ಲ್ ಬಾರಸ್ ಸಿನ್ಸಿನಾಟಿಯಲ್ಲಿ ಹುಟ್ಟಿ, ಜರ್ಮನಿಯ ವ್ಯುರ್ಜ್‌ಬರ್ಗಿನಲ್ಲಿ ಓದಿ, ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಭೌತವಿಜ್ಞಾನಿಯಾಗಿ ಸೇರಿದವರು. ಆ ಕಾಲದಲ್ಲಿ ಭೂವಿಜ್ಞಾನಿಗಳನ್ನು ಕಾಡಿದ್ದು ಭೂಮಿಯ ವಯಸ್ಸು ಮತ್ತು ಅದರ ಒಡಲಿನ ಪ್ರಶ್ನೆ. ಕೆಳಗಿನ ಬಂಡೆ ಆ ಬಿಸಿಯಲ್ಲಿ ಕರಗಬೇಕು, ಆ ಒತ್ತಡದಲ್ಲಿ ಗಟ್ಟಿಯಾಗಬೇಕು. ಇವೆರಡರಲ್ಲಿ ಗೆಲ್ಲುವುದು ಯಾವುದು? ಬಂಡೆ ಕರಗುವ ಬಗ್ಗೆ ಬಾರಸ್ ಮಾಡಿದ ಅಳತೆಗಳನ್ನೇ ನೆಚ್ಚಿಕೊಂಡು ಭೂವಿಜ್ಞಾನಿ ಕ್ಲಾರೆನ್ಸ್ ಕಿಂಗ್ 1893ರಲ್ಲಿ ಭೂಮಿಗೆ 2.4 ಕೋಟಿ ವರ್ಷ ವಯಸ್ಸೆಂದು ಲೆಕ್ಕ ಹಾಕಿದರು. ವಿಕಿರಣಶೀಲತೆ ಪತ್ತೆಯಾದ ಮೇಲೆ ಆ ಸಂಖ್ಯೆ ಬಿದ್ದುಹೋಯಿತು. ಆದರೆ ‘ಅಮೆರಿಕನ್ ಜರ್ನಲ್ ಆಫ್ ಸೈನ್ಸ್’ನ ಅದೇ ಸಂಪುಟದಲ್ಲಿ ಬಾರಸ್ ಬರೆದ ಇನ್ನೊಂದು ಲೇಖನ ಉಳಿದುಕೊಂಡಿತು.

ಅದರ ವಸ್ತು ಮರೈನ್ ಗ್ಲೂ, ಅಂದರೆ ಹಡಗಿನ ಹಲಗೆಗಳ ಸಂದು ಮೆತ್ತುವ ಕಪ್ಪು ಅಂಟು. ತಟ್ಟನೆ ಹೊಡೆದರೆ ಒಡೆಯುವ, ಹೊತ್ತು ಕೊಟ್ಟರೆ ಹರಿಯುವ ಪದಾರ್ಥ ಅದು. ಬಂಡೆಯ ವರ್ತನೆಗೆ ಪ್ರಯೋಗಶಾಲೆಯಲ್ಲಿ ಸಿಗಬಹುದಾದ ಪ್ರತಿನಿಧಿ. ಬಾರಸ್ ಅದನ್ನು ಭಾರೀ ಒತ್ತಡದಲ್ಲಿ ಸಣ್ಣ ಉಕ್ಕಿನ ಕೊಳವೆಯೊಳಗೆ ನೂಕಿ, ಎಷ್ಟು ಹೊತ್ತಿಗೆ ಎಷ್ಟು ಹೊರಬಂತು ಎಂದು ಅಳೆದರು. ಒತ್ತಡ ಏರಿದಂತೆ ಅಂಟು ಹರಿಯಲು ಹೆಚ್ಚು ಹೆಚ್ಚು ಹಟ ಹಿಡಿಯಿತು. ಅವರು ಇನ್ನೊಂದನ್ನೂ ಗಮನಿಸಿದರು. ಕೊಳವೆಯಿಂದ ಹೊರಬಂದ ಎಳೆ ಕೊಳವೆಯ ಬಾಯಿಗಿಂತ ದಪ್ಪಗೆ ಉಬ್ಬುತ್ತಿತ್ತು. ಪ್ಲಾಸ್ಟಿಕ್ ಉದ್ಯಮ ಹುಟ್ಟಿದ ಮೇಲೆ ಇದಕ್ಕೆ ‘ಬಾರಸ್ ಪರಿಣಾಮ’ ಎಂಬ ಹೆಸರು ಬಂತು.

ಹೆಸರಿನ ವಿಷಯದಲ್ಲಿ ಒಂದು ಎಡವಟ್ಟೂ ಆಯಿತು. ಕೀಲೆಣ್ಣೆಯ ಪಠ್ಯಪುಸ್ತಕಗಳು ‘ಬಾರಸ್ ಸಮೀಕರಣ’ ಎಂದು ಕಲಿಸುವ ಸೂತ್ರದ ಪ್ರಕಾರ ಒತ್ತಡ ಸಮಸಮವಾಗಿ ಏರಿದರೆ ಸ್ನಿಗ್ಧತೆ ಗುಣಾಕಾರದಲ್ಲಿ ಏರುತ್ತದೆ. ಸಾಮಾನ್ಯ ಖನಿಜ ಎಣ್ಣೆಗೆ ಹಾಕಿ ನೋಡಿದರೆ 1,000 ಅಟ್ಮಾಸ್ಫಿಯರಿಗೆ ಏಳೆಂಟು ಪಟ್ಟು, 5,000ಕ್ಕೆ ಇಪ್ಪತ್ತು ಸಾವಿರ ಪಟ್ಟು. ಆದರೆ ಬಾರಸ್ ತಮ್ಮ ಅಂಟಿಗೆ ಬರೆದದ್ದು ನೇರ ಗೆರೆಯ ಸರಳ ಸೂತ್ರ. ಘಾತದ ಸೂತ್ರವನ್ನು ಅವರಿಗೆ ಹಚ್ಚಿದ್ದು ಮುಂದಿನವರು. ಈ ಚರಿತ್ರೆಯಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಹೆಸರಿಗೆ ಹೋಗುವುದು ಇಷ್ಟಕ್ಕೇ ನಿಲ್ಲುವುದಿಲ್ಲ.

ಬ್ರಿಜ್‌ಮನ್ನರ ಪಾತ್ರೆ

ಬಾರಸ್ ತಲುಪಿದ ಒತ್ತಡ ಕೆಲವೇ ಸಾವಿರ ಅಟ್ಮಾಸ್ಫಿಯರಿನ ಮಿತಿಯಲ್ಲಿತ್ತು. ಅದರಾಚೆ ಹೋಗಲು ಅಡ್ಡಿಯಾಗಿದ್ದು ಸೋರಿಕೆ. ಉಕ್ಕಿನ ಪಾತ್ರೆ ಎಷ್ಟೇ ದಪ್ಪವಿರಲಿ, ಪಿಸ್ಟನ್ನಿನ ಸುತ್ತಲಿನ ಸಂದಿನಿಂದ ದ್ರವ ಜಾರಿಕೊಳ್ಳುತ್ತಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಪರ್ಸಿ ಬ್ರಿಜ್‌ಮನ್ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗಲೇ ಇದಕ್ಕೆ ಮದ್ದು ಕಂಡುಕೊಂಡರು. ಅವರು ರೂಪಿಸಿದ ಮುಚ್ಚಳದಲ್ಲಿ ಮೆತ್ತೆಯ ಒಂದು ಭಾಗಕ್ಕೆ ಹಿಂದಿನಿಂದ ಆಸರೆ ಇರುವುದಿಲ್ಲ. ಹಾಗಾಗಿ ಮೆತ್ತೆಯ ಮೇಲಿನ ಒತ್ತಡ ಯಾವಾಗಲೂ ಒಳಗಿನ ದ್ರವದ ಒತ್ತಡಕ್ಕಿಂತ ಒಂದು ಕೈ ಮೇಲಿರುತ್ತದೆ. ಒಳಗೆ ಒತ್ತಡ ಹೆಚ್ಚಿದಂತೆ ಬಿಗಿತವೂ ಹೆಚ್ಚುತ್ತದೆ. ಇನ್ನು ಮೇಲೆ ಮಿತಿ ಹಾಕುವುದು ಸೋರಿಕೆಯಲ್ಲ, ಉಕ್ಕಿನ ಬಲ. 12,000 ಅಟ್ಮಾಸ್ಫಿಯರಿನ ಆಸುಪಾಸು ಅವರಿಗೆ ದಿನನಿತ್ಯದ ಮಾತಾಯಿತು.

ಪ್ರಯೋಗಗಳನ್ನು ಬಹುಮಟ್ಟಿಗೆ ಸ್ವಂತ ಕೈಯಲ್ಲಿ ನಡೆಸುವುದು ಬ್ರಿಜ್‌ಮನ್ನರ ರೂಢಿ. ಪದಾರ್ಥಗಳು ಕುಗ್ಗುವುದು, ಹೆಪ್ಪುಗಟ್ಟುವುದು, ವಿದ್ಯುತ್ ಒಯ್ಯುವುದು, ಒಂದೊಂದನ್ನೂ ಆ ಪಾತ್ರೆಯೊಳಗೆ ಪರೀಕ್ಷಿಸಿದ ಮೇಲೆ ಸ್ನಿಗ್ಧತೆಯ ಸರದಿ ಬಂತು. ಒಳಗೆ ಇಣುಕಲಾಗದ, ಉಕ್ಕಿನಲ್ಲಿ ಹುದುಗಿದ ದ್ರವದ ಹರಿವನ್ನು ಅಳೆಯುವುದು ಹೇಗೆ? ಬ್ರಿಜ್‌ಮನ್ ದ್ರವ ತುಂಬಿದ ಸಣ್ಣ ಕೊಳವೆಯೊಳಗೆ ಒಂದು ಉರುಳೆಯಾಕಾರದ ತೂಕವನ್ನು ಬಿಟ್ಟರು. ತೂಕಕ್ಕೂ ಕೊಳವೆಗೂ ನಡುವೆ ಕೂದಲೆಳೆಯಷ್ಟು ಸಂದು. ಇಡೀ ಪಾತ್ರೆಯನ್ನು ತಲೆಕೆಳಗು ಮಾಡಿದರೆ ತೂಕ ಇನ್ನೊಂದು ತುದಿಗೆ ಬೀಳತೊಡಗುತ್ತದೆ, ತಲುಪಿದಾಗ ವಿದ್ಯುತ್ ಸಂಪರ್ಕ ಸುದ್ದಿ ಕೊಡುತ್ತದೆ. ಬೀಳಲು ಹಿಡಿದ ಹೊತ್ತೇ ಸ್ನಿಗ್ಧತೆಯ ಅಳತೆ. ಅನುಮಾನವಿದ್ದರೆ ಮತ್ತೆ ತಲೆಕೆಳಗು, ಮತ್ತೆ ಅಳತೆ.

1926ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ 43 ಶುದ್ಧ ದ್ರವಗಳ ಪಟ್ಟಿ ಇತ್ತು. ತಾವು ಅದುವರೆಗೆ ಅಳೆದ ಯಾವ ಗುಣವೂ ಒತ್ತಡಕ್ಕೆ ಸ್ನಿಗ್ಧತೆಯಷ್ಟು ಬದಲಾಗಿಲ್ಲ ಎಂಬುದು ಅವರ ಕಾಣ್ಕೆ. ಒಂದು ತುದಿಯಲ್ಲಿ ಪಾದರಸ. 12,000 ಅಟ್ಮಾಸ್ಫಿಯರ್ ಹೇರಿದರೂ ಮೂರನೇ ಒಂದು ಪಾಲಿನಷ್ಟು ಮಾತ್ರ ಏರಿಕೆ. ಇನ್ನೊಂದು ತುದಿಯಲ್ಲಿ ಲವಂಗದ ಎಣ್ಣೆಯ ಮುಖ್ಯ ಅಂಶವಾದ ಯೂಜಿನಾಲ್. ಅದರ ಏರಿಕೆ ಕೋಟಿ ಪಟ್ಟಿನ ಮಟ್ಟದ್ದು. ಅಣುವಿನ ಆಕಾರ ಸರಳವಿದ್ದಷ್ಟೂ ಏರಿಕೆ ಕಡಿಮೆ, ತೊಡಕಾಗಿದ್ದಷ್ಟೂ ಹೆಚ್ಚು. ಒತ್ತಡದಲ್ಲಿ ಅಣುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ ಎಂದು ಬ್ರಿಜ್‌ಮನ್ ಇದನ್ನು ಅರ್ಥ ಮಾಡಿಕೊಂಡರು. ಹೆಚ್ಚಿನ ಒತ್ತಡದ ಭೌತವಿಜ್ಞಾನಕ್ಕಾಗಿ 1946ರ ನೊಬೆಲ್ ಬಹುಮಾನ ಅವರಿಗೆ ಸಂದಿತು. 1949ರಲ್ಲಿ ಇದೇ ಅಳತೆಯನ್ನು ಅವರು 30,000ದವರೆಗೂ ಒಯ್ದರು.

ಯಂತ್ರಗಳ ಲೋಕಕ್ಕೆ ಈ ಸುದ್ದಿ ಪೂರ್ತಿ ಮುಟ್ಟಿರಲಿಲ್ಲ ಎನ್ನುವಂತಿಲ್ಲ. ಅಮೆರಿಕದಲ್ಲಿ ಮೇಯೋ ಹರ್ಸಿ ಓರೆ ಕೊಳವೆಯಲ್ಲಿ ಉಕ್ಕಿನ ಗುಂಡು ಉರುಳಿಸಿ ಒತ್ತಡದಲ್ಲಿನ ಸ್ನಿಗ್ಧತೆ ಅಳೆಯುವ ಬಗೆಯನ್ನು 1916ರಲ್ಲೇ ವಿವರಿಸಿದ್ದರು. ಮಾರ್ಟಿನ್ ಲೇಖನವೂ ಅದೇ ವರ್ಷದ್ದು. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಜೆ. ಎಚ್. ಹೈಡ್ 1920ರಲ್ಲಿ ಬಳಕೆಯ ಎಣ್ಣೆಗಳನ್ನೇ ಪರೀಕ್ಷಿಸಿ, ಸಸ್ಯ ಮತ್ತು ಪ್ರಾಣಿಜನ್ಯ ಎಣ್ಣೆಗಳಿಗಿಂತ ಖನಿಜ ಎಣ್ಣೆಗಳು ಒತ್ತಡಕ್ಕೆ ಹೆಚ್ಚು ಗಟ್ಟಿಯಾಗುತ್ತವೆ ಎಂದು ತೋರಿಸಿದರು. ಗೇರಿನ ಲೆಕ್ಕ ಒಂದು ಕಡೆ, ಎಣ್ಣೆಯ ಅಳತೆ ಇನ್ನೊಂದು ಕಡೆ. ಎರಡೂ ಒಂದೇ ಕಾಲದಲ್ಲಿ ಅಚ್ಚಾಗುತ್ತಿದ್ದವು, ಒಂದನ್ನೊಂದು ಕೂಡಲಿಲ್ಲ.

ಆಮ್ಸ್ಟರ್‌ಡ್ಯಾಮಿನಿಂದ ವಿನಿಂಗ್ಟನ್ನಿಗೆ

ಈ ಅಳತೆಯ ಕಸುಬು ಮಾತ್ರ ಆ ಹೊತ್ತಿಗೆ ಯಾರೂ ಎಣಿಸದ ಕಡೆ ಫಲ ಕೊಟ್ಟಿತು. ಆಮ್ಸ್ಟರ್‌ಡ್ಯಾಮಿನಲ್ಲಿ ಆಂಟೋನಿಯಸ್ ಮಿಕೆಲ್ಸ್ ಹೆಚ್ಚಿನ ಒತ್ತಡದ ಅಳತೆಗೆ ಹೆಸರಾದ ಪ್ರಯೋಗಾಲಯ ಕಟ್ಟಿದ್ದರು. ರೆಜಿನಾಲ್ಡ್ ಗಿಬ್ಸನ್ ಎಂಬ ಯುವ ಬ್ರಿಟಿಷ್ ವಿಜ್ಞಾನಿ ಅಲ್ಲಿ ಅವರ ಜೊತೆಗೂಡಿ ಸಾರಜನಕ ಅನಿಲದ ಸ್ನಿಗ್ಧತೆಯನ್ನು 1,000 ಅಟ್ಮಾಸ್ಫಿಯರಿನವರೆಗೆ ಅಳೆದರು. ಸಾಮಾನ್ಯ ಒತ್ತಡದಲ್ಲಿ ಅನಿಲದ ಸ್ನಿಗ್ಧತೆ ಒತ್ತಡವನ್ನು ಅವಲಂಬಿಸುವುದಿಲ್ಲ ಎಂದು ಮ್ಯಾಕ್ಸ್‌ವೆಲ್ ಹತ್ತೊಂಬತ್ತನೇ ಶತಮಾನದಲ್ಲೇ ತೋರಿಸಿದ್ದರು; ಒತ್ತಿ ಒತ್ತಿ ದ್ರವದಷ್ಟು ದಟ್ಟ ಮಾಡಿದಾಗ ಆ ನಿಯಮ ನಿಲ್ಲುವುದಿಲ್ಲ. 1931ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಈ ಪ್ರಬಂಧ ತಜ್ಞರಾಚೆಗೆ ಸದ್ದು ಮಾಡಲಿಲ್ಲ. ಆದರೆ ಅದನ್ನು ಮಾಡಿದ ಕೈಗಳು ಒತ್ತಡದ ಪಾತ್ರೆಗಳಲ್ಲಿ ಪಳಗಿದ್ದವು.

1933ರ ಮಾರ್ಚ್ ಕೊನೆಯ ಒಂದು ಶುಕ್ರವಾರ, ಇಂಗ್ಲೆಂಡಿನ ಚೆಶೈರಿನ ವಿನಿಂಗ್ಟನ್ನಿನಲ್ಲಿದ್ದ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಥಿಲೀನ್ ಅನಿಲವನ್ನು ಬೆಂಜಾಲ್ಡಿಹೈಡ್ ಜೊತೆ ಸಾವಿರಕ್ಕೂ ಹೆಚ್ಚು ಅಟ್ಮಾಸ್ಫಿಯರ್ ಒತ್ತಡದಲ್ಲಿ, 170 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಟ್ಟುಹೋದರು. ಸೋಮವಾರ ಬಂದು ನೋಡಿದರೆ ಕೊಳವೆಯ ತುದಿಯಲ್ಲಿ ಮೇಣದಂಥ ಬಿಳಿಯ ಪದಾರ್ಥ ಮೆತ್ತಿತ್ತು. ಅದೇ ಪಾಲಿಥೀನ್. ಮತ್ತೆ ಪ್ರಯತ್ನಿಸಿದಾಗ ಸ್ಫೋಟಗಳಾದವು, ಕೆಲಸ ನಿಂತಿತು. 1935ರ ಸೆಪ್ಟೆಂಬರಿನಲ್ಲಿ ಕೇಂಬ್ರಿಜಿನ ಸಭೆಯೊಂದರಲ್ಲಿ ಫಾಸೆಟ್ ಈ ವಿಷಯ ಹೇಳಿದರೂ ಅಲ್ಲಿದ್ದ ಪಾಲಿಮರ್ ಪಂಡಿತರು ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಡಿಸೆಂಬರಿನಲ್ಲಿ ಮೈಕೆಲ್ ಪೆರಿನ್ ಮತ್ತು ಸಂಗಡಿಗರು ಮತ್ತೆ ಕೈಹಾಕಿದರು. ಉಪಕರಣ ಸೋರಿತು. ಒತ್ತಡ ಸರಿದೂಗಿಸಲು ಹೊಸದಾಗಿ ಬಿಟ್ಟ ಎಥಿಲೀನಿನಲ್ಲಿ ಅದೃಷ್ಟವಶಾತ್ ಸ್ವಲ್ಪ ಆಮ್ಲಜನಕವಿತ್ತು. ಆ ಆಮ್ಲಜನಕವೇ ಕ್ರಿಯೆಯನ್ನು ಹೊತ್ತಿಸುವ ಕಿಡಿ ಎಂದು ಆಮೇಲೆ ತಿಳಿಯಿತು. ಸಿಕ್ಕಿದ್ದು ಎಂಟು ಗ್ರಾಮಿನಷ್ಟು ಪುಡಿ. 1939ರ ಸೆಪ್ಟೆಂಬರ್ 1ರಂದು, ಹಿಟ್ಲರನ ಪಡೆಗಳು ಪೋಲೆಂಡಿಗೆ ನುಗ್ಗಿದ ದಿನವೇ, ಪಾಲಿಥೀನ್ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಯುದ್ಧದುದ್ದಕ್ಕೂ ಬ್ರಿಟನ್ನಿನ ರಾಡಾರ್ ಕೇಬಲ್ಲುಗಳಿಗೆ ಹೊದಿಕೆಯಾದದ್ದು ಅದು. ಹೆಚ್ಚಿನ ಒತ್ತಡದಲ್ಲಿ ಹುಟ್ಟಿದ ಈ ಪದಾರ್ಥ, ಕರಗಿದಾಗ ಹೆಚ್ಚಿನ ಒತ್ತಡದಲ್ಲಿ ಹೇಗೆ ಹರಿಯುತ್ತದೆ ಎಂಬ ಪ್ರಶ್ನೆಯನ್ನೂ ಮುಂದಿನ ಪೀಳಿಗೆಗೆ ತಂದಿತು.

ಮಾಸ್ಕೋದಲ್ಲಿ ಬಿಡಿಸಿದ ಒಗಟು

ಅದೇ 1939ರಲ್ಲಿ ಮಾಸ್ಕೋದ ಎಂಜಿನಿಯರ್ ಎ. ಎಂ. ಎರ್ಟೆಲ್ ಮಾರ್ಟಿನ್ ಬಿಟ್ಟುಹೋದ ಗಂಟನ್ನು ಬಿಚ್ಚಿದರು. ಅವರು ಎರಡು ಸಂಗತಿಗಳನ್ನು ಒಟ್ಟಿಗೆ ತಂದರು. ಒಂದು, ಭಾರ ಬಿದ್ದಾಗ ಉಕ್ಕಿನ ಹಲ್ಲು ಸ್ಪರ್ಶದ ಜಾಗದಲ್ಲಿ ತುಸು ಚಪ್ಪಟೆಯಾಗುತ್ತದೆ. ಇದರ ಲೆಕ್ಕವನ್ನು ಹೈನ್ರಿಕ್ ಹರ್ಟ್ಸ್ 1880ರ ದಶಕದಲ್ಲೇ ಕೊಟ್ಟಿದ್ದರು. ಇನ್ನೊಂದು, ಆ ಜಾಗಕ್ಕೆ ಎಣ್ಣೆ ಪ್ರವೇಶಿಸುವ ಬಾಯಿಯಲ್ಲೇ ಒತ್ತಡ ಏರಿ ಸ್ನಿಗ್ಧತೆ ಸಾವಿರಾರು ಪಟ್ಟು ಹೆಚ್ಚುತ್ತದೆ. ಅಷ್ಟು ಗಟ್ಟಿಯಾದ ಎಣ್ಣೆಗೆ ಪಕ್ಕಕ್ಕೆ ಜಾರಿಕೊಳ್ಳಲು ವೇಳೆಯೇ ಇಲ್ಲ. ಹಲ್ಲುಗಳು ಅದನ್ನು ಒಳಕ್ಕೆ ಎಳೆದುಕೊಂಡು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಆಚೆ ಬಿಟ್ಟುಬಿಡುತ್ತವೆ. ಹೀಗೆ ಲೆಕ್ಕ ಹಾಕಿದಾಗ ಪದರದ ದಪ್ಪ ಮಾರ್ಟಿನ್ನರ ಉತ್ತರಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಯಿತು. ಲೋಹವನ್ನು ಲೋಹದಿಂದ ಬೇರ್ಪಡಿಸಲು ಅಷ್ಟು ಸಾಕು. ಗೇರನ್ನು ನುಜ್ಜುಗುಜ್ಜು ಮಾಡಬೇಕಿದ್ದ ಒತ್ತಡವೇ ಎಣ್ಣೆಯನ್ನು ಗಟ್ಟಿಗೊಳಿಸಿ ಗೇರನ್ನು ಕಾಯುತ್ತಿತ್ತು.

ಈ ಬಿಡಿಸುವಿಕೆ ಲೋಕಕ್ಕೆ ತಿಳಿದದ್ದು 1949ರಲ್ಲಿ, ಅದೂ ಎ. ಎನ್. ಗ್ರೂಬಿನ್ ಹೆಸರಿನಲ್ಲಿ. ಮಾಸ್ಕೋದ ಯಂತ್ರತಂತ್ರಜ್ಞಾನ ಸಂಸ್ಥೆ ಪ್ರಕಟಿಸಿದ ಆ ಕೃತಿ ಇಂಗ್ಲಿಷಿಗೆ ಬಂದು, ‘ಗ್ರೂಬಿನ್ ಸೂತ್ರ’ ಎಂದು ಪಶ್ಚಿಮದಲ್ಲಿ ಮನೆಮಾತಾಯಿತು. ಎರ್ಟೆಲ್ ಅಷ್ಟರಲ್ಲಿ ಸೋವಿಯತ್ ಒಕ್ಕೂಟ ತೊರೆದು ಪಶ್ಚಿಮ ಜರ್ಮನಿ ಸೇರಿಯಾಗಿತ್ತು. 1985ರಲ್ಲಿ ಬ್ರಿಟನ್ನಿನ ಅಲೆಸ್ಟೇರ್ ಕ್ಯಾಮರನ್, ನಲವತ್ತು ವರ್ಷದ ತಪ್ಪೊಂದನ್ನು ತಿದ್ದುತ್ತಿದ್ದೇನೆ ಎಂಬ ಅರ್ಥದ ಟಿಪ್ಪಣಿ ಬರೆದು ಸೂತ್ರದ ನಿಜವಾದ ಕರ್ತೃ ಎರ್ಟೆಲ್ ಎಂದು ಸಾರಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಎರ್ಟೆಲ್, ಮೊರೆನ್‌ಸ್ಟೈನ್-ಎರ್ಟೆಲ್ ಎಂಬ ಪೂರ್ಣ ಹೆಸರಿನಲ್ಲಿ ತಮ್ಮ ಕೆಲಸವನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ್ದರು. ಗ್ರೂಬಿನ್ ಇನ್ನೊಬ್ಬರ ಕೆಲಸ ಕಬಳಿಸಿದರೇ, ಅಥವಾ ದೇಶ ಬಿಟ್ಟವನ ಹೆಸರು ಅಚ್ಚು ಹಾಕಲಾಗದ ಸ್ಟಾಲಿನ್ ಕಾಲದಲ್ಲಿ ಕೆಲಸವನ್ನಾದರೂ ಉಳಿಸಿದರೇ? ಇತಿಹಾಸಕಾರರ ಒಲವು ಈಚೆಗೆ ಎರಡನೇ ಉತ್ತರದ ಕಡೆಗಿದೆ. ಇಂದು ಬಹುತೇಕರು ಎರ್ಟೆಲ್-ಗ್ರೂಬಿನ್ ಎಂದು ಇಬ್ಬರನ್ನೂ ಜೋಡಿಸಿಯೇ ಹೇಳುತ್ತಾರೆ.

ಅಳತೆ ಮತ್ತು ಲೆಕ್ಕ ಕೂಡಿದ ಮೇಲೆ ಕೆಲಸ ಚುರುಕಾಯಿತು. 1953ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಹಾರ್ವರ್ಡಿನಲ್ಲಿ ನಡೆಸಿದ ಪ್ರಯೋಗಗಳ ವರದಿ ಹೊರತಂದಿತು. ನಲವತ್ತಕ್ಕೂ ಹೆಚ್ಚು ಕೀಲೆಣ್ಣೆಗಳನ್ನು ಚದರ ಇಂಚಿಗೆ 1,50,000 ಪೌಂಡ್, ಅಂದರೆ ಸುಮಾರು 10,000 ಅಟ್ಮಾಸ್ಫಿಯರಿನವರೆಗೆ ಅಳೆದ ಈ ವರದಿಯ ಕೋಷ್ಟಕಗಳನ್ನು ಸಂಶೋಧಕರು ಇಂದಿಗೂ ತೆರೆದು ನೋಡುತ್ತಾರೆ. 1959ರಲ್ಲಿ ಲೀಡ್ಸಿನ ಡಂಕನ್ ಡೌಸನ್ ಮತ್ತು ಗಾರ್ಡನ್ ಹಿಗಿನ್ಸನ್, ಲೋಹದ ಬಾಗುವಿಕೆ ಮತ್ತು ಎಣ್ಣೆಯ ಹರಿವು ಎರಡನ್ನೂ ಏಕಕಾಲಕ್ಕೆ ತೃಪ್ತಿಪಡಿಸುವ ಸಂಖ್ಯಾತ್ಮಕ ಉತ್ತರ ಕೊಟ್ಟರು. 1963ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ರಾಮ್ಸಿ ಗೋಹರ್ ಮತ್ತು ಅದೇ ಕ್ಯಾಮರನ್ ಉಕ್ಕಿನ ಗುಂಡನ್ನು ಗಾಜಿಗೆ ಒತ್ತಿ ಉರುಳಿಸಿ, ಬೆಳಕಿನ ಬಣ್ಣದ ಉಂಗುರಗಳಿಂದ ಎಣ್ಣೆಯ ಪದರವನ್ನು ಕಣ್ಣಿಗೇ ತೋರಿಸಿದರು. ಪದರ ಮೈಕ್ರಾನಿನ ಒಂದು ಅಂಶದಷ್ಟು ತೆಳು. ಹಿಂಭಾಗದಲ್ಲಿ ಕುದುರೆಲಾಳದ ಆಕಾರದಲ್ಲಿ ಇನ್ನಷ್ಟು ಕಿರಿದಾಗುತ್ತದೆ. ಮೂರು ವರ್ಷದ ಬಳಿಕ ಬ್ರಿಟಿಷ್ ಸರ್ಕಾರದ ಜೋಸ್ಟ್ ವರದಿ ಈ ಇಡೀ ವಿದ್ಯೆಗೆ ಟ್ರೈಬಾಲಜಿ ಎಂಬ ಹೆಸರಿಟ್ಟಿತು.

ಕರಗಿದ ಪ್ಲಾಸ್ಟಿಕ್ಕಿನ ಸರದಿ

ಗೇರಿನ ಎಣ್ಣೆಗೆ ಉತ್ತರ ಸಿಗುತ್ತಿದ್ದ ಹೊತ್ತಿಗೆ ಪ್ಲಾಸ್ಟಿಕ್ ಕಾರ್ಖಾನೆಗಳು ಅದೇ ಪ್ರಶ್ನೆಯ ಮುಂದೆ ಬಂದು ನಿಂತವು. ಬಕೆಟ್ಟು, ರೇಡಿಯೋ ಪೆಟ್ಟಿಗೆಗಳ ಅಚ್ಚು ಹೊಯ್ಯುವ ಇಂಜೆಕ್ಷನ್ ಯಂತ್ರ ಕರಗಿದ ಪ್ಲಾಸ್ಟಿಕ್ಕನ್ನು 1,000 ಅಟ್ಮಾಸ್ಫಿಯರಿನ ಸುಮಾರಿನ ಒತ್ತಡದಲ್ಲಿ ಅಚ್ಚಿನೊಳಗೆ ನೂಕುತ್ತದೆ. 1957ರಲ್ಲಿ ಪ್ರಿನ್ಸ್ಟನ್ನಿನ ಬ್ರೈಸ್ ಮ್ಯಾಕ್ಸ್‌ವೆಲ್ ಮತ್ತು ಅಲೆಕ್ಸ್ ಜಂಗ್, ಇಂಥದೇ ಒತ್ತಡದಲ್ಲಿ ಕರಗಿದ ಪಾಲಿಸ್ಟೈರೀನಿನ ಸ್ನಿಗ್ಧತೆ ನೂರು ಪಟ್ಟಿಗೂ ಹೆಚ್ಚು ಏರಿತೆಂದು ವರದಿ ಮಾಡಿದರು. ಪಾಲಿಥೀನಿನಲ್ಲಿ ಏರಿಕೆ ಅಷ್ಟಿರಲಿಲ್ಲ. ಕಾರಣ ಸರಪಳಿಯ ರಚನೆಯಲ್ಲೇ ಇತ್ತು. ಪಾಲಿಸ್ಟೈರೀನಿನ ಸರಪಳಿಗೆ ಅಕ್ಕಪಕ್ಕ ಬೆಂಜೀನ್ ಉಂಗುರಗಳ ಹೊರೆ. ಅಲುಗಲು ಅದಕ್ಕೆ ಹೆಚ್ಚು ತೆರಪು ಬೇಕು. ಒತ್ತಡ ಮೊದಲು ಕಸಿಯುವುದು ಆ ತೆರಪನ್ನೇ.

ಇದನ್ನು ಎಲ್ಲರೂ ಒಪ್ಪಲಿಲ್ಲ. 1961ರಲ್ಲಿ ಕಾರ್ಲಿ ಎಂಬ ಎಂಜಿನಿಯರ್, ರೂಢಿಯ ಉತ್ಪಾದನೆಯಲ್ಲಿ ಒತ್ತಡದ ಪರಿಣಾಮಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂದು ವಾದಿಸಿದರು. ಕಾರ್ಖಾನೆಯ ಅನುಭವವೂ ಅವರ ಪರವಾಗಿಯೇ ಇದ್ದಂತೆ ಕಾಣುತ್ತಿತ್ತು. ಅದಕ್ಕೆ ಅಳತೆಯ ವಿಧಾನದಲ್ಲೇ ಅಡಗಿದ ಕಾರಣವಿತ್ತು. ಕರಗಿದ ಪ್ಲಾಸ್ಟಿಕ್ಕನ್ನು ಸಣ್ಣ ಕೊಳವೆಯೊಳಗೆ ರಭಸದಿಂದ ನೂಕಿದರೆ ಒತ್ತಡ ಅದನ್ನು ಗಟ್ಟಿ ಮಾಡುತ್ತದೆ, ಅದೇ ಹೊತ್ತಿಗೆ ಒಳಗಿನ ಘರ್ಷಣೆ ಅದನ್ನು ಬಿಸಿ ಮಾಡಿ ತೆಳುವಾಗಿಸುತ್ತದೆ. ಎರಡು ಪರಿಣಾಮಗಳು ಒಂದನ್ನೊಂದು ಹೊಡೆದುಹಾಕಿ ಅಳತೆಗಳ ನಕ್ಷೆಯ ಗೆರೆ ನೇರವಾಗಿ ಬರುತ್ತದೆ. ನೇರ ಗೆರೆ ಕಂಡವರು ಒತ್ತಡದ ಪರಿಣಾಮವೇ ಇಲ್ಲವೆಂದುಕೊಳ್ಳುತ್ತಾರೆ. ಕೊಳವೆಯ ಒಂದು ತುದಿಯಲ್ಲಿ ಸಾವಿರ ಅಟ್ಮಾಸ್ಫಿಯರ್, ಇನ್ನೊಂದು ತುದಿಯಲ್ಲಿ ಬರೀ ಒಂದು ಇರುವಾಗ ಅಳೆದ ಸ್ನಿಗ್ಧತೆ ಯಾವ ಒತ್ತಡದ್ದು ಎಂದು ಹೇಳುವುದೂ ಕಷ್ಟ.

ಆದ್ದರಿಂದ ಮುಂದಿನ ಮೂವತ್ತು ನಲವತ್ತು ವರ್ಷಗಳ ಕಥೆ ಉಪಕರಣಗಳ ಕಥೆ. ಕೆಲವರು ಎದುರುಬದುರು ಪಿಸ್ಟನ್ನುಗಳ ನಡುವೆ ಕೊಳವೆಯನ್ನಿಟ್ಟರು. ಕೆಲವರು ಕೊಳವೆಯ ಹೊರಬಾಯಿಗೆ ಕವಾಟ ಹಾಕಿ ಅಲ್ಲಿಯೂ ಒತ್ತಡ ಏರಿಸಿದರು. 1999ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಕೋರಾನ್ ಮತ್ತು ಜಾನ್ ಡೀಲಿ ಕೊಳವೆಯನ್ನೇ ಕೈಬಿಟ್ಟರು. ಒತ್ತಡದ ಪಾತ್ರೆಯೊಳಗೆ ಎರಡು ತಟ್ಟೆಗಳು, ನಡುವೆ ಕರಗಿದ ಪ್ಲಾಸ್ಟಿಕ್. ಒಂದು ತಟ್ಟೆ ಜಾರುತ್ತದೆ, ಇನ್ನೊಂದರಲ್ಲಿ ಹುದುಗಿಸಿದ ಸಂವೇದಕ ಎಳೆತವನ್ನು ಅಳೆಯುತ್ತದೆ. ಒತ್ತಡ ಎಲ್ಲ ಕಡೆ ಒಂದೇ. ಇದಕ್ಕೆ ಮೊದಲೇ 1970ರ ದಶಕದಲ್ಲಿ ಐಸಿಐನ ಫ್ರ್ಯಾಂಕ್ ಕಾಗ್ಸ್‌ವೆಲ್ ಈ ಎಲ್ಲ ಅಂಕಿಗಳನ್ನು ಕಾರ್ಖಾನೆಯವರಿಗೆ ತಿಳಿಯುವ ಭಾಷೆಗೆ ತಂದಿದ್ದರು. ಒತ್ತಡ ಏರಿಸುವುದೆಂದರೆ ಬಿಸಿ ಇಳಿಸಿದಂತೆಯೇ. ಪಾಲಿಸ್ಟೈರೀನಿಗೆ 1,000 ಅಟ್ಮಾಸ್ಫಿಯರ್ ಹೇರುವುದು ಅದನ್ನು ಸುಮಾರು 40 ಡಿಗ್ರಿ ತಣ್ಣಗಾಗಿಸಿದ್ದಕ್ಕೆ ಸಮ. ಬಿಸಿ 40 ಡಿಗ್ರಿ ಇಳಿದರೆ ಗಾಬರಿಯಾಗುವ ಎಂಜಿನಿಯರ್ ಒತ್ತಡವನ್ನು ಮಾತ್ರ ಲೆಕ್ಕಕ್ಕಿಡದೇ ಇರುವುದು ಹೇಗೆ ಎಂಬ ಪ್ರಶ್ನೆ ಆ ಹೋಲಿಕೆಯೊಳಗೇ ಇತ್ತು.

ತೀರದ ವ್ಯಾಜ್ಯ

ಎಣ್ಣೆಯ ಕಡೆ ಜಗಳ ಬೇರೆ ರೂಪ ತಾಳಿತು. ಪದರದ ದಪ್ಪ ತಿಳಿದ ಮೇಲೆ ಉಳಿದದ್ದು ಘರ್ಷಣೆಯ ಪ್ರಶ್ನೆ. ಹತ್ತು ಸಾವಿರ ಅಟ್ಮಾಸ್ಫಿಯರಿನಲ್ಲಿ ಸಿಕ್ಕಿಕೊಂಡ ಎಣ್ಣೆ ಇನ್ನೂ ದ್ರವವೇ, ಅಥವಾ ಮೇಣದಂತೆ ಕತ್ತರಿಸಿಕೊಳ್ಳುವ ಘನವೇ? ಕೇಂಬ್ರಿಜಿನ ಕೆನೆತ್ ಜಾನ್ಸನ್ ಮತ್ತು ಟೆವಾರ್ವರ್ಕ್ 1977ರಲ್ಲಿ, ಹೆನ್ರಿ ಐರಿಂಗ್ ಕೊಟ್ಟ ಅಣುಗಳ ಜಿಗಿತದ ಸಿದ್ಧಾಂತ ಸಾಕೆಂದು ತೋರಿಸಿದರು. ಅವರ ಆಧಾರ ಉರುಳುವ ಚಕ್ರಗಳ ಘರ್ಷಣೆಯಿಂದ ಹಿಮ್ಮುಖವಾಗಿ ತೆಗೆದ ಅಂಕಿಗಳು. ಜಾರ್ಜಿಯಾ ಟೆಕ್ ಸಂಸ್ಥೆಯ ಸ್ಕಾಟ್ ಬೇರ್ ಮತ್ತು ವಾರ್ಡ್ ವೈನರ್ ಒತ್ತಡದ ಪಾತ್ರೆಯೊಳಗೇ ಎಣ್ಣೆಯನ್ನು ಜಾರಿಸಿ ಅಳೆದು, 1979ರಲ್ಲಿ ಬೇರೆ ಮಾತು ಹೇಳಿದರು: ಎಣ್ಣೆ ತಾಳುವ ಎಳೆತಕ್ಕೆ ಒಂದು ಗರಿಷ್ಠ ಮಿತಿಯಿದೆ. ಬೇರ್ ಅವರ ಆಕ್ಷೇಪ ಮಾದರಿಯ ಮೇಲಷ್ಟೇ ಅಲ್ಲ, ವಿಧಾನದ ಮೇಲೂ ಇತ್ತು. ಸ್ವತಂತ್ರವಾಗಿ ಅಳೆಯಬಹುದಾದ ಗುಣವನ್ನು, ಸಿದ್ಧಾಂತಕ್ಕೆ ಹೊಂದುವಂತೆ ಘರ್ಷಣೆಯಿಂದ ಊಹಿಸಿ ತೆಗೆಯುವುದೇಕೆ? ಡೆಲ್ಫ್ಟಿನ ರೋಲಾಂಡ್ಸ್ 1966ರಲ್ಲಿ ಕೊಟ್ಟ ಅನುಕೂಲದ ಸೂತ್ರ ಹೆಚ್ಚಿನ ಒತ್ತಡದಲ್ಲಿ ಅಳತೆಯಿಂದ ದೂರ ಸರಿಯುತ್ತದೆ ಎಂದೂ ಅವರು ಎಚ್ಚರಿಸಿದರು. ಇಂಪೀರಿಯಲ್ ಕಾಲೇಜಿನ ಹ್ಯೂ ಸ್ಪೈಕ್ಸ್ 2014ರಲ್ಲಿ ಐರಿಂಗ್ ಪಕ್ಷವನ್ನು ಮತ್ತೆ ಸಮರ್ಥಿಸಿದಾಗ ಬೇರ್ ಮತ್ತು ಸಂಗಡಿಗರು ಮುಂದಿನ ವರ್ಷವೇ ಉತ್ತರಿಸಿದರು. ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ.

ಈ ನೂರಕ್ಕೂ ಹೆಚ್ಚು ವರ್ಷಗಳ ದಾರಿಯಲ್ಲಿ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಅಳೆಯುವುದು ಕಷ್ಟವಾದ ಗುಣವನ್ನು ಇಲ್ಲವೆಂದು ಬಗೆಯುವ ತಪ್ಪು ಅದು. ಗೇರಿನ ಲೆಕ್ಕದಲ್ಲಿ ಮಾರ್ಟಿನ್ ಸ್ನಿಗ್ಧತೆಯನ್ನು ಸ್ಥಿರವೆಂದರು. ಪ್ಲಾಸ್ಟಿಕ್ ಅಚ್ಚಿನ ಹರಿವನ್ನು ಮೊದಲೇ ಲೆಕ್ಕ ಹಾಕಿ ತೋರಿಸುವ ಇಂದಿನ ಕಂಪ್ಯೂಟರ್ ತಂತ್ರಾಂಶಗಳ ಸ್ನಿಗ್ಧತೆಯ ಸೂತ್ರದಲ್ಲಿ ಒತ್ತಡಕ್ಕಾಗಿಯೇ ಒಂದು ಅಂಕಿಯ ಸ್ಥಾನವಿದೆ. ಅನೇಕ ಪ್ಲಾಸ್ಟಿಕ್ಕುಗಳಿಗೆ ಅಲ್ಲಿ ತುಂಬಿರುವುದು ಸೊನ್ನೆ. ಆ ಪ್ಲಾಸ್ಟಿಕ್ಕಿಗೆ ಒತ್ತಡದ ಪರಿವೆಯಿಲ್ಲ ಎಂದು ಅದರ ಅರ್ಥವಲ್ಲ, ಯಾರೂ ಅಳೆದಿಲ್ಲ ಎಂದಷ್ಟೇ. ದಪ್ಪ ಗೋಡೆಯ ಬಕೆಟ್ಟಿಗೆ ಆ ಸೊನ್ನೆ ನಡೆದೀತು. ಮೊಬೈಲಿನ ಕವಚದಂಥ ತೆಳು ಗೋಡೆಯ, ಭಾರೀ ಒತ್ತಡ ಬೇಡುವ ಅಚ್ಚಿನಲ್ಲಿ ಲೆಕ್ಕ ಕೈಕೊಡುತ್ತದೆ. ತುಂಬೀತೆಂದು ಕಂಪ್ಯೂಟರ್ ಹೇಳಿದ ಅಚ್ಚು ಅರ್ಧಕ್ಕೇ ನಿಲ್ಲುತ್ತದೆ.

ಇದರ ಇನ್ನೊಂದು ಮಗ್ಗುಲೂ ಅಷ್ಟೇ ನಿಜ. ಬಾರಸ್ ಭೂಗರ್ಭಕ್ಕಾಗಿ ಅಂಟನ್ನು ಅಳೆದರು, ಪ್ರಯೋಜನವಾದದ್ದು ಗೇರಿಗೆ. ಗಿಬ್ಸನ್ ಸಾರಜನಕದಲ್ಲಿ ಕೈ ಪಳಗಿಸಿಕೊಂಡರು, ದಕ್ಕಿದ್ದು ಪಾಲಿಥೀನ್. 1893ರಲ್ಲಿ ಅಚ್ಚಾದ ಉತ್ತರಕ್ಕೆ ಪ್ರಶ್ನೆ ಹುಟ್ಟಿದ್ದು 1916ರಲ್ಲಿ. ಎರಡೂ ಒಬ್ಬರ ಮೇಜಿನ ಮೇಲೆ ಕೂಡಿದ್ದು 1939ರಲ್ಲಿ. ನಡುವೆ ಸೂತ್ರಗಳು ಬದಲಾದವು, ಹೆಸರುಗಳು ಅದಲುಬದಲಾದವು, ಭೂಮಿಯ ವಯಸ್ಸೂ ನೂರಾರು ಪಟ್ಟು ಬೆಳೆಯಿತು. ಬ್ರಿಜ್‌ಮನ್ 1926ರಲ್ಲಿ ತೂಕ ಬೀಳಿಸಿ ಬರೆದಿಟ್ಟ ಅಂಕಿಗಳ ಜೊತೆ ಮಾತ್ರ ಇಂದಿನ ಪ್ರಯೋಗಾಲಯಗಳು ತಮ್ಮ ಹೊಸ ಉಪಕರಣಗಳನ್ನು ಈಗಲೂ ತಾಳೆ ನೋಡುತ್ತವೆ. ಸಿದ್ಧಾಂತಿಗಳ ಜಗಳದಲ್ಲಿ ಯಾರು ಗೆದ್ದರೂ ಆ ಪಟ್ಟಿಗೆ ಉತ್ತರ ಹೇಳಿಯೇ ಗೆಲ್ಲಬೇಕು.